ಗುರುತು ಮೇಲಿರಬೇಕು

ಸುದ್ದಿ ಬಂದ ಹೊತ್ತಿಗೆ ಮರಿಮೇಷ್ಟ್ರು ಅಡುಗೆಮನೆಯ ನಲ್ಲಿ ಬಿಚ್ಚಿ, ಸವೆದ ವಾಷರನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕೋಳಿಮರಿ ಮಾಡುವ ಹ್ಯಾಚರಿಯಲ್ಲಿ ಮೊಟ್ಟೆಗಳ ಕೋಣೆ ನೋಡಿಕೊಂಡೇ ತಲೆ ಹಣ್ಣಾಗಿತ್ತು. ಮರಿಗಳಿಗೆ ಹಾಜರಿ ಕೂಗುವವರು ಎಂದು ಅಲ್ಲಿ ಯಾರೋ ತಮಾಷೆಗೆ ಇಟ್ಟ ಹೆಸರು ನಿವೃತ್ತಿಯಾದ ಮೇಲೂ ಅವರನ್ನು ಬಿಟ್ಟಿರಲಿಲ್ಲ. ಫೋನು ತೆಗೆದದ್ದು ಹೆಂಡತಿ. ‘ಹೌದು, ಇದೇ ಮನೆ. ನನ್ನ ಮೈದುನ’ ಅಂದಳು, ಆಮೇಲೆ ಏನೂ ಅನ್ನಲಿಲ್ಲ. ಅವಳು ಹಾಗೆ ಸುಮ್ಮನಾಗುವವಳೇ ಅಲ್ಲ, ಆದ್ದರಿಂದ ಮೇಷ್ಟ್ರಿಗೆ ಅರ್ಧ ಅಲ್ಲೇ ತಿಳಿಯಿತು. ಬೆಳಗ್ಗೆ ಪಕ್ಕದ ಊರಿಗೆ ಹೋಗಿಬರುತ್ತೇನೆಂದು ಹೊರಟ ತಮ್ಮ ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತಲ್ಲೇ ಹೋಗಿಬಿಟ್ಟಿದ್ದ. ನಿದ್ದೆ ಮಾಡುತ್ತಿದ್ದಾನೆಂದು ಜನ ಪಕ್ಕದಲ್ಲಿ ಕೂತು, ತಮ್ಮ ತಮ್ಮ ರೈಲು ಬಂದಾಗ ಎದ್ದು ಹೋಗಿದ್ದರಂತೆ. ಎರಡು ಕೈಗಳೂ ಪ್ಯಾಂಟಿನ ಜೇಬಿನಲ್ಲಿದ್ದವಂತೆ. ಎಲ್ಲವನ್ನೂ ಒಂದೊಂದಾಗಿ ಕೇಳಿಸಿಕೊಂಡ ಮೇಷ್ಟ್ರು ಆ ಕೈಗಳ ಮಾತು ಬಂದಾಗ ಮಾತ್ರ ತಮ್ಮ ಅಂಗೈ ಮುಚ್ಚಿಕೊಂಡರು. ಸಂಜೆಯವರೆಗೂ ಆ ವಾಷರು ಮುಷ್ಟಿಯಲ್ಲೇ ಇತ್ತು. ನೆರೆಯವರು ಕೈ ಹಿಡಿದು ಸಮಾಧಾನ ಹೇಳಲು ಬಂದಾಗಲೆಲ್ಲ ಎಡಗೈ ಕೊಟ್ಟರು.

ಆ ಕೈಗಳನ್ನು ಜೇಬಿಗೆ ಕಳಿಸಿದ್ದು ಯಾರು ಎಂದು ಮನೆಯಲ್ಲಿ ಯಾರೂ ಎಂದೂ ಕೇಳಿರಲಿಲ್ಲ. ತಮ್ಮನಿಗೆ ಕಾಲೇಜಿನ ದಿನಗಳಲ್ಲಿ ಮೊದಲು ತುಟಿಯ ಅಂಚಿನಲ್ಲಿ, ಆಮೇಲೆ ಬೆರಳ ಸಂದುಗಳಲ್ಲಿ ಬಿಳಿ ಮಚ್ಚೆ ಕಾಣಿಸಿಕೊಂಡಿತು. ಅಪ್ಪನಿಗಿರಲಿಲ್ಲ, ಅಮ್ಮನಿಗಿರಲಿಲ್ಲ, ವಂಶದಲ್ಲಿ ಯಾರಿಗೂ ಇರಲಿಲ್ಲ. ಎಲ್ಲಿಂದ ಬಂತು ಎಂದು ಕೇಳಿದವರಿಗೆ ಉತ್ತರ ಹೇಳುವುದೇ ಆ ವರ್ಷ ಮೇಷ್ಟ್ರ ಕೆಲಸವಾಗಿತ್ತು. ಹ್ಯಾಚರಿಗೆ ಹೊಸ ಯಂತ್ರ ಬಂದ ದಿನ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಊಟದ ಡಬ್ಬಿ ತಂದುಕೊಟ್ಟಿದ್ದ ತಮ್ಮನನ್ನೂ ಯಾರೋ ಸಾಲಿಗೆ ಎಳೆದರು. ಮೇಷ್ಟ್ರು ಅವನ ಕಡೆ ತಿರುಗಿ, ತುಂಬ ಮೆಲ್ಲಗೆ, ಒಳ್ಳೆಯದಕ್ಕೇ ಹೇಳುವ ದನಿಯಲ್ಲಿ, ‘ಕೈ ಜೇಬಲ್ಲಿಟ್ಕೋ’ ಅಂದರು. ಬೈದಿರಲಿಲ್ಲ. ಅಷ್ಟು ಮೆಲ್ಲಗೆ ಹೇಳಿದ್ದಕ್ಕೇ ಅದು ಅಷ್ಟು ವರ್ಷ ಉಳಿಯಿತೋ ಏನೋ. ಆಮೇಲಿನ ಯಾವ ಫೋಟೋದಲ್ಲೂ ತಮ್ಮನಿಗೆ ಕೈಗಳಿಲ್ಲ.

ಎಲ್ಲ ಮುಗಿದು, ಬಂದವರು ಹೋಗಿ, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದ ಮಧ್ಯಾಹ್ನ ಮಹಡಿಯಿಂದ ಕೀಂಯ್ ಕೀಂಯ್ ಎಂದು ಸದ್ದು ಕೇಳಿಸಿತು.

‘ಏನ್ರೀ ಅದು? ಮೇಲಿನ ಪರಿವಾರಕ್ಕೆ ಹಸಿವಾಯ್ತಾ?’ ಎಂದಳು ಹೆಂಡತಿ. ಅತ್ತು ಅತ್ತು ದನಿ ಒಡೆದಿದ್ದರೂ ಮಾತಿನ ಮೊನೆ ಹೋಗಿರಲಿಲ್ಲ.

‘ಹಾವು ಕೂಗಲ್ಲ ಕಣೇ.’

‘ನಿಮಗೇನು ಗೊತ್ತು? ಇಷ್ಟು ವರ್ಷದಲ್ಲಿ ಒಂದು ದಿನ ಒಳಗೆ ಕಾಲಿಟ್ಟಿದೀರಾ? ನಾನಾದ್ರೂ ಕಸ ಗುಡಿಸೋಕೆ ಹೋಗ್ತಿದ್ದೆ.’

ಅದು ನಿಜ. ಮೇಷ್ಟ್ರು ಹೊಸಿಲಿನವರೆಗೆ ಹೋದವರು, ಒಳಗೆ ಹೋದವರಲ್ಲ. ತಮ್ಮ ಮದುವೆಯಾಗಲಿಲ್ಲ, ಬ್ಯಾಂಕಿನ ಕೆಲಸ ಮುಗಿಸಿ ಬಂದವನೇ ಮಹಡಿಯ ಕೋಣೆ ಸೇರುತ್ತಿದ್ದ. ಅಲ್ಲಿ ಅವನು ಸಾಕುತ್ತಿದ್ದದ್ದು ಒಂದು ಬಗೆಯ ಸಣ್ಣ ಹೆಬ್ಬಾವು, ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುವ ಜಾತಿಯದು. ವಿಷವಿಲ್ಲ, ಕೋಪವಿಲ್ಲ. ಕಾಡಿನಲ್ಲಿ ಅದರ ಬಣ್ಣ ಕಂದು ಮತ್ತು ಕಪ್ಪು. ಮನೆಗಳಲ್ಲಿ ಜೋಡಿ ಕಟ್ಟಿ ಕಟ್ಟಿ, ಜನ ಅದರ ಮೈಮೇಲೆ ಕಾಡು ಕಾಣದ ಬಣ್ಣಗಳನ್ನು ತರಿಸಿದ್ದರು: ಹಳದಿ ಚುಕ್ಕೆಯದು, ಬೆನ್ನುದ್ದ ಒಂದೇ ಗೆರೆಯದು, ಕಿತ್ತಳೆ ಬಣ್ಣದ್ದು. ತಮ್ಮನ ಆಸೆ ಪೈಡ್ ಎಂಬ ಒಂದೇ ಬಗೆಯ ಮೇಲಿತ್ತು. ಅದರ ತಲೆ, ಕುತ್ತಿಗೆ ಕಂದೇ. ಆಮೇಲೆ ಇದ್ದಕ್ಕಿದ್ದ ಹಾಗೆ ಅಪ್ಪಟ ಬಿಳಿ, ಮತ್ತೆ ಒಂದು ತುಂಡು ಕಂದು, ಮತ್ತೆ ಬಿಳಿ. ಒಂದರ ಮಚ್ಚೆ ಇನ್ನೊಂದಕ್ಕಿಲ್ಲ. ಊಟದ ಹೊತ್ತಿನಲ್ಲಿ ಅವನು ಅತ್ತಿಗೆಗೆ ಹೇಳುತ್ತಿದ್ದುದು ಮೇಷ್ಟ್ರ ಕಿವಿಗೆ ಬೀಳುತ್ತಿತ್ತು. ‘ಅಪ್ಪ ಅಮ್ಮ ಇಬ್ಬರ ಮೈಯಲ್ಲೂ ಏನೂ ಕಾಣಲ್ಲ ಅತ್ತಿಗೆ. ಇಬ್ಬರಲ್ಲೂ ಒಳಗೇ ಅಡಗಿರುತ್ತೆ. ಎರಡೂ ಕೂಡಿದ ಮರಿಯಲ್ಲಿ ಮಾತ್ರ ಹೊರಗೆ ಬರುತ್ತೆ. ಅದೇ ಜನ ಹುಡುಕ್ಕೊಂಡು ಬರೋ ಮರಿ.’ ಅತ್ತಿಗೆ, ‘ಬಂದವರನ್ನ ಮಹಡಿಯಲ್ಲೇ ಮಾತಾಡಿಸಿ ಕಳಿಸು ಮಾರಾಯ, ನನ್ನ ಅಡುಗೆಮನೆ ಫ್ರಿಜ್ಜಿಗೂ ಹಾವಿನ ಊಟಕ್ಕೆ ನೀನಿಟ್ಟ ಇಲಿ ಫ್ರಿಜ್ಜಿಗೂ ನೆಂಟಸ್ತನ ಬೇಡ’ ಎಂದು ನಗುತ್ತಿದ್ದಳು. ಮೇಷ್ಟ್ರು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಇವನು ಇದನ್ನೆಲ್ಲ ನನಗೆ ಕೇಳಿಸಲೆಂದೇ ಹೇಳುತ್ತಿದ್ದಾನೆ ಎಂದು ಅವರಿಗೆ ಅನ್ನಿಸುತ್ತಿತ್ತು.

ಸದ್ದು ಮಾಡುತ್ತಿದ್ದದ್ದು ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ. ಮೇಷ್ಟ್ರು ಹೊಸಿಲಲ್ಲಿ ಒಂದು ಕ್ಷಣ ನಿಂತು, ಚಪ್ಪಲಿ ಬಿಟ್ಟು, ದೇವರ ಕೋಣೆಗೆ ಹೋಗುವವರ ಹಾಗೆ ಒಳಗೆ ಹೋದರು. ಗೋಡೆಯುದ್ದಕ್ಕೂ ಅಗಲವಾದ ಪ್ಲಾಸ್ಟಿಕ್ ಡ್ರಾಯರುಗಳು. ಪ್ರತಿಯೊಂದರಲ್ಲೂ ಅಲುಗದ ಒಂದು ಮೈ. ದುರ್ವಾಸನೆ ಇರುತ್ತದೆಂದು ಇಷ್ಟು ದಿನ ನಂಬಿದ್ದರು. ಇದ್ದದ್ದು ಒದ್ದೆ ಕಾಗದದ, ಬೆಚ್ಚನೆ ಮರದ ವಾಸನೆ, ಹ್ಯಾಚರಿಯಲ್ಲಿ ಬೆಳಗಿನ ಪಾಳಿಗೆ ಬಾಗಿಲು ತೆರೆದಾಗ ಮುಖಕ್ಕೆ ಬಡಿಯುತ್ತಿದ್ದ ಅದೇ ಬಿಸುಪು. ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಪೆಟ್ಟಿಗೆಯ ತಟ್ಟೆಯಲ್ಲಿ ನೀರು ಆರಿತ್ತು. ನೀರು ತುಂಬಿಸಿದರು, ಸದ್ದು ನಿಂತಿತು. ಒಳಗೆ ಒದ್ದೆ ಹರಳಿನ ಹಾಸಿಗೆಯ ಮೇಲೆ ಬಿಡಿಬಿಡಿಯಾಗಿ ಇಟ್ಟ ಉದ್ದನೆಯ ಬಿಳಿ ಮೊಟ್ಟೆಗಳು, ಒಂದೊಂದರ ನೆತ್ತಿಯ ಮೇಲೂ ಪೆನ್ಸಿಲಿನ ಸಣ್ಣ ಗೆರೆ.

ಆ ಗೆರೆ ಕಂಡದ್ದೇ ಮೇಷ್ಟ್ರ ಮನಸ್ಸಿನಲ್ಲಿ ಹಳೆಯ ಗಂಟೆ ಹೊಡೆದಂತಾಯಿತು. ಯಂತ್ರ ಬರುವ ಮುಂಚೆ ಅವರೆಲ್ಲ ಕೋಳಿಮೊಟ್ಟೆಗಳನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಒಂದು ಬದಿಗೆ ಗೆರೆ, ಇನ್ನೊಂದು ಬದಿಗೆ ಸೊನ್ನೆ. ಬೆಳಗ್ಗೆ ಗೆರೆ ಮೇಲೆ, ಸಂಜೆ ಸೊನ್ನೆ ಮೇಲೆ. ತಿರುಗಿಸದ ಮೊಟ್ಟೆಯಲ್ಲಿ ಮರಿ ಓಡಿಗೆ ಅಂಟಿಕೊಂಡು ಸಾಯುತ್ತದೆ. ಇದನ್ನು ಅವರು ಎಷ್ಟು ಹೊಸಬರಿಗೆ ಹೇಳಿಕೊಟ್ಟಿಲ್ಲ. ತಮ್ಮ ಹೋದಾಗಿನಿಂದ ಇವುಗಳನ್ನು ಯಾರು ತಿರುಗಿಸಿದ್ದಾರೆ? ಯಾರೂ ಇಲ್ಲ. ಎಲ್ಲದರ ಗೆರೆಯೂ ಮೇಲೇ ಇದೆ. ಅವನು ಸೊನ್ನೆ ಹಾಕುವುದನ್ನು ಮರೆತಿದ್ದ, ಅಷ್ಟೆ. ಮೇಷ್ಟ್ರಿಗೆ ಆ ಮರೆವಿನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ, ಇದೊಂದು ನನಗೆ ಗೊತ್ತಿತ್ತಲ್ಲೋ, ಅಂದುಕೊಂಡರು. ಕೈ ತೊಳೆದು ಬಂದು, ಅಲ್ಲೇ ಇದ್ದ ಮೋಟು ಪೆನ್ಸಿಲಿನಿಂದ, ಒಂದೊಂದನ್ನೂ ಎರಡು ಬೆರಳಲ್ಲಿ ಎತ್ತಿ, ಕೆಳಮೈಗೆ ಸೊನ್ನೆ ಬರೆದು, ಮಗುಚಿಟ್ಟರು. ಕೋಳಿಮೊಟ್ಟೆಯ ಹಾಗೆ ಗಟ್ಟಿ ಓಡಲ್ಲ, ಚರ್ಮದ ಹಾಗೆ ಮೆತ್ತಗಿತ್ತು; ಬೆರಳು ಹಗುರ ಮಾಡಿಕೊಂಡರು. ತುಟಿಯಲ್ಲಿ ದೇವರ ನಾಮ ತಾನಾಗಿ ಬಂತು. ಇಳಿದು ಬಂದು ಹೆಂಡತಿಯ ಹತ್ತಿರ ಊಟ ಕೇಳಿದರು. ಸುದ್ದಿ ಬಂದ ಮೇಲೆ ಅವರಾಗಿ ಊಟ ಕೇಳಿದ್ದು ಅದೇ ಮೊದಲು.

ಅವನಿಗೆ ಕೊನೆಗೂ ಏನೋ ಒಂದು ಮಾಡಿಕೊಟ್ಟೆ ಎಂಬ ಆ ನೆಮ್ಮದಿ ಮಾರನೆಯ ಬೆಳಗ್ಗೆ ಹಲ್ಲಿನ ಡಾಕ್ಟರಮ್ಮ ಬರುವವರೆಗೆ ಉಳಿಯಿತು. ಆಕೆ ತಮ್ಮನ ಸ್ನೇಹಿತೆ; ಅವಳೂ ಹಾವು ಸಾಕುತ್ತಿದ್ದಳು. ಈ ಮೊಟ್ಟೆಗಳ ತಂದೆ ಅವಳ ಮನೆಯದು, ತಾಯಿ ಈ ಮನೆಯದು. ಇನ್ನು ಮುಂದೆ ಹಾವುಗಳನ್ನೆಲ್ಲ ತಾನೇ ನೋಡಿಕೊಳ್ಳುತ್ತೇನೆಂದು ಒಯ್ಯಲು ಬಂದಿದ್ದಳು. ಮೇಷ್ಟ್ರ ಹೆಂಡತಿಯನ್ನು ಅವಳು ಅತ್ತಿಗೆ ಎಂದೇ ಕರೆಯುತ್ತಿದ್ದಳು. ಅದು ಯಾವ ಲೆಕ್ಕದ ಅತ್ತಿಗೆ ಎಂದು ಮೇಷ್ಟ್ರು ಮೊದಮೊದಲು ಯೋಚಿಸಿದ್ದುಂಟು, ಕೇಳಿದ್ದಿಲ್ಲ. ಕೇಳಿದ್ದರೆ ತಮ್ಮ ಏನನ್ನುತ್ತಿದ್ದನೋ. ಜೇಬಿನಿಂದ ಕೈ ತೆಗೆದು ಏನಾದರೂ ಅನ್ನುತ್ತಿದ್ದನೋ ಏನೋ.

ಡಾಕ್ಟರಮ್ಮ ಪೆಟ್ಟಿಗೆಯ ಮುಚ್ಚಳ ತೆರೆದಳು, ಬಗ್ಗಿದಳು, ಹಾಗೆಯೇ ನಿಂತಳು.

‘ಅಣ್ಣ, ಈ ಸೊನ್ನೆ ಯಾರು ಬರೆದದ್ದು?’

‘ನಾನೇ. ಅವನು ಹಾಕಿರಲಿಲ್ಲ. ನಿನ್ನೆ ಮಧ್ಯಾಹ್ನ ತಿರುಗಿಸಿದೆ, ಸಂಜೆ ಒಂದು ಸಲ ತಿರುಗಿಸಿದೆ, ಈಗ ಬೆಳಗ್ಗೆ ಒಂದು ಸಲ.’ ಹೇಳುವಾಗ ಅವರ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇತ್ತು. ಆ ಹೆಮ್ಮೆಯನ್ನು ಆಮೇಲೆ ಎಷ್ಟೋ ದಿನ ಅವರು ತಮ್ಮ ಕಿವಿಯಲ್ಲೇ ಕೇಳಿಸಿಕೊಂಡರು.

ಅವಳು, ಹಲ್ಲು ಕೀಳಬೇಕೆಂದು ಹೇಳುವ ಮುಂಚೆ ರೋಗಿಯನ್ನು ನೋಡುವ ಹಾಗೆ ಅವರನ್ನು ನೋಡಿದಳು. ‘ಹಾವಿನ ಮೊಟ್ಟೆ ತಿರುಗಿಸಬಾರದು, ಅಣ್ಣ. ಕೋಳಿದೇ ಬೇರೆ. ಇದರಲ್ಲಿ ಮರಿ ಮೇಲಿನ ಬದಿಗೆ ಅಂಟಿಕೊಂಡೇ ಬೆಳೆಯುತ್ತೆ. ಮಗುಚಿದ್ರೆ ಮೇಲಿನ ಭಾರ ಅದರ ಮೇಲೇ ಬಿದ್ದು ಉಸಿರು ಕಟ್ಟುತ್ತೆ. ಆ ಗೆರೆ ತಿರುಗಿಸೋಕೆ ಹಾಕಿದ್ದಲ್ಲ. ಅದು ಯಾವಾಗಲೂ ಮೇಲಿರಲಿ ಅಂತ ಹಾಕಿದ್ದು.’

ಬಾಗಿಲಲ್ಲಿದ್ದ ಹೆಂಡತಿ, ‘ವರ್ಷಗಟ್ಟಲೆ ಮೊಟ್ಟೆ ತಿರುಗಿಸಿದ ಕೈಯಮ್ಮ, ಸುಮ್ಮನಿರು ಅಂದ್ರೆ ಇರುತ್ತಾ?’ ಎಂದಳು. ಗಂಡನನ್ನು ಬೇರೆ ಯಾರಾದರೂ ಬೈಯುವ ಮುಂಚೆ ತಾನೇ ಬೈದು ಮುಗಿಸುವುದು ಅವಳ ಪದ್ಧತಿ.

‘ನಾನೇನು ಬೈತಿಲ್ಲ ಅತ್ತಿಗೆ.’

‘ಬೈದ್ರೇ ಅವರಿಗೆ ಹಗುರ ಆಗೋದು.’

ಡಾಕ್ಟರಮ್ಮ ಮೊಟ್ಟೆಗಳನ್ನು ಮೆಲ್ಲಗೆ, ಹೊರಳಿಸಿದ್ದೇ ಕಾಣದ ಹಾಗೆ, ಗೆರೆ ಮೇಲೆ ಬರುವಂತೆ ಇಟ್ಟಳು. ಬದುಕಿವೆಯೇ ಎಂದು ನೋಡಬಹುದಲ್ಲ, ಬೆಳಕಿಗೆ ಹಿಡಿದರೆ ಕೆಂಪು ನರ ಕಾಣುತ್ತದಲ್ಲ, ಅದು ನನ್ನ ದಿನನಿತ್ಯದ ಕೆಲಸವಾಗಿತ್ತಲ್ಲ ಎಂದು ಮೇಷ್ಟ್ರು ಹೇಳಹೊರಟರು. ಅಷ್ಟರಲ್ಲಿ ಅವಳೇ, ‘ಇನ್ನು ಎತ್ತೋದು ಬೇಡ. ಕಾರಿನಲ್ಲಿ ಕುಲುಕಿಸೋದೂ ಬೇಡ. ದೊಡ್ಡವನ್ನ ನಾನು ತಗೊಂಡು ಹೋಗ್ತೀನಿ, ಇವು ಇಲ್ಲೇ ಇರಲಿ. ನೀರು ಮಾತ್ರ ನೋಡ್ಕೊಳ್ಳಿ. ಆಮೇಲೆ ದೇವರ ಇಚ್ಛೆ’ ಅಂದಳು. ಅದು ಜನ ಬಾಯಿಮಾತಿಗೆ ಅನ್ನುವ ಮಾತು. ದಿನಾ ಎರಡು ಹೊತ್ತು ದೇವರ ಮುಂದೆ ಕೂರುವ ಮೇಷ್ಟ್ರಿಗೆ ಮಾತ್ರ ಅದನ್ನು ಬಾಯಿಮಾತೆಂದು ತಳ್ಳಿಹಾಕಲು ಆಗಲಿಲ್ಲ. ಇವುಗಳಿಗೋಸ್ಕರ ಅವನು ಎಷ್ಟು ವರ್ಷ ಕಾದ ಎಂದು ಕೇಳಿದರು. ‘ತಾಯಿಯನ್ನ ಮರಿಯಿಂದ ಬೆಳೆಸಿದ್ದು ಅವರೇ. ನೀವೇ ಎಣಿಸಿಕೊಳ್ಳಿ’ ಎಂದು ಅವಳು ಮುಖ ತಿರುಗಿಸಿದಳು. ಹಾವುಗಳನ್ನು ಬಟ್ಟೆಯ ಚೀಲಗಳಿಗೆ ತುಂಬುವಾಗ ಅವಳ ಬೆರಳು ಒಂದು ಚೀಲದ ದಾರವನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟುತ್ತಿತ್ತು.

ಅಂದಿನಿಂದ ಮೇಷ್ಟ್ರು ಜಪವನ್ನು ಮಹಡಿಯ ಕೋಣೆಯಲ್ಲೇ ಮಾಡತೊಡಗಿದರು. ಪೆಟ್ಟಿಗೆಯ ಗಾಜಿನ ಕಿಂಡಿಯ ಎದುರು ಸ್ಟೂಲು. ಖಾಲಿ ಡ್ರಾಯರುಗಳು ಅರೆತೆರೆದ ಬಾಯಿಗಳ ಹಾಗಿದ್ದವು. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುವುದು ರೂಢಿಯಾಯಿತು, ಇಲ್ಲದಿದ್ದರೆ ಬೆಳಗ್ಗೆ ಸಂಜೆ ಆ ಹೊತ್ತಿಗೆ ಸರಿಯಾಗಿ ಬೆರಳುಗಳು ಅಲುಗುತ್ತಿದ್ದವು. ಜಪ ಎಲ್ಲೋ ಸಾಗುತ್ತಿತ್ತು, ಮನಸ್ಸು ಹ್ಯಾಚರಿಯಲ್ಲಿ ಅಲೆಯುತ್ತಿತ್ತು. ಅಲ್ಲಿ ಮರಿ ಒಡೆದ ದಿನ ಟ್ರೇಯ ಎದುರು ಎರಡು ಬುಟ್ಟಿ ಇರುತ್ತಿದ್ದವು. ಒಂದಕ್ಕೆ ಒಂದೇ ಬಣ್ಣದ ಮರಿಗಳು. ಕಪ್ಪು ಚುಕ್ಕೆಯದು, ರೆಕ್ಕೆಯಲ್ಲಿ ಬೇರೆ ಗೆರೆ ಇದ್ದದ್ದು, ಬೆರಳು ಸೊಟ್ಟಗಿದ್ದದ್ದು ಇನ್ನೊಂದಕ್ಕೆ. ಮೇಷ್ಟ್ರ ಕೈ ಎಷ್ಟು ಚುರುಕೆಂದರೆ, ಮರಿ ಕೂಗುವುದರೊಳಗೆ ಯಾವ ಬುಟ್ಟಿ ಎಂದು ತೀರ್ಮಾನವಾಗಿರುತ್ತಿತ್ತು. ಫೋಟೋ ತೆಗೆಸಿದ ಆ ವರ್ಷವೇ ಇರಬೇಕು, ಡಬ್ಬಿ ತಂದ ತಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ‘ಇದ್ಯಾಕೆ ಆ ಬುಟ್ಟಿಗೆ?’ ಅಂದ. ‘ಮಚ್ಚೆ ಇದೆ’ ಅಂದರು ಮೇಷ್ಟ್ರು, ಕೈ ನಿಲ್ಲಿಸದೆ. ‘ಮಚ್ಚೆ ಇದ್ರೆ ಏನಾಗುತ್ತೆ?’ ‘ಕೊಳ್ಳೋರು ಒಪ್ಪಲ್ಲ.’ ತಮ್ಮ ಆ ಬುಟ್ಟಿಯ ಕಡೆ ಸ್ವಲ್ಪ ಹೊತ್ತು ನೋಡಿ, ಡಬ್ಬಿಯನ್ನು ನೆಲದ ಮೇಲಿಟ್ಟು ಹೊರಟುಹೋದ. ಆ ದಿನ ಮೇಷ್ಟ್ರಿಗೆ ಅದು ಹೊಳೆಯಲೇ ಇಲ್ಲ. ಹೊಳೆದದ್ದು ಬಹಳ ವರ್ಷದ ಮೇಲೆ, ಇದೇ ಕೋಣೆಯ ಹೊಸಿಲಲ್ಲಿ. ತಮ್ಮ ತನ್ನ ಮೊದಲ ಬಿಳಿಮಚ್ಚೆಯ ಹಾವನ್ನು ಕೊಂಡುತಂದು, ಎರಡು ಕೈಗಳ ಮೇಲೂ ಹರಡಿಕೊಂಡು, ‘ನೋಡಣ್ಣ, ನಿನ್ನ ಆ ಬುಟ್ಟಿಯದು’ ಅಂದಿದ್ದ. ನಗುತ್ತಲೇ ಅಂದದ್ದು. ಬಿಳಿ ಬೆರಳುಗಳ ಮೇಲೆ ಬಿಳಿ ಮೈ, ಎಲ್ಲಿ ಕೈ ಕೊನೆಯಾಗಿ ಎಲ್ಲಿ ಹಾವು ಶುರುವಾಯಿತೆಂದು ಥಟ್ಟನೆ ತಿಳಿಯದ ಹಾಗಿತ್ತು. ಚುಚ್ಚಿದ ಎಂದುಕೊಂಡು ಮೇಷ್ಟ್ರು ಇಳಿದು ಬಂದಿದ್ದರು. ಈಗ ಸ್ಟೂಲಿನ ಮೇಲೆ ಕೂತು ಆ ನಗುವನ್ನು ಎಷ್ಟು ತಿರುವಿ ನೋಡಿದರೂ ಅದರಲ್ಲಿ ಚುಚ್ಚು ಸಿಗಲಿಲ್ಲ. ಅವನು ತೋರಿಸಲು ಬಂದಿದ್ದ, ಅಷ್ಟೆ. ಕೈಗಳು ಜೇಬಿನಿಂದ ಹೊರಗಿದ್ದವು.

ಕೆಲವು ದಿನಕ್ಕೆ ಒಂದು ಮೊಟ್ಟೆ ಹಳದಿಗೆ ತಿರುಗಿತು. ಆಮೇಲೆ ಇನ್ನೊಂದು. ಒಂದರ ಮೇಲೆ ಬೂದಿಬಣ್ಣದ ಬೂಷ್ಟು ಬಂತು. ಮೇಷ್ಟ್ರು ಫೋನಿನಲ್ಲಿ ಡಾಕ್ಟರಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದರು. ‘ಇವತ್ತು ಮೂಲೆಯದು ಕುಸಿದಿದೆ.’ ಅವಳು, ‘ತಿರುಗಿಸದಿದ್ರೂ ಒಂದೆರಡು ಹೋಗ್ತವೆ ಅಣ್ಣ’ ಅನ್ನುತ್ತಿದ್ದಳು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಸತ್ತದ್ದನ್ನು ತೆಗೆಯುವಾಗ ಅವರ ಕೈ ಒಂದು ಬುಟ್ಟಿಗಾಗಿ ಸುತ್ತ ಹುಡುಕಿತು. ಆಮೇಲೆ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ, ಹಿತ್ತಿಲ ಗೋಡೆಯ ಬುಡದಲ್ಲಿ ಅಗೆದು ಇಟ್ಟರು. ಹೆಂಡತಿ ನೋಡಿದಳು, ತಮಾಷೆ ಮಾಡಲಿಲ್ಲ; ಕೈ ತೊಳೆಯಲು ನೀರು ಹಾಕಿದಳು. ದೇವರ ಮುಂದೆ ಅವರು ಮೊದಲಾದರೆ ತಮ್ಮನಿಗೆ ಸದ್ಗತಿ ಕೊಡು ಎಂದು ಒಂದೇ ಮಾತು ಬೇಡುತ್ತಿದ್ದರು. ಈಗ ಬೇಡಲು ನಾಲಿಗೆ ಏಳುತ್ತಿರಲಿಲ್ಲ. ಅವನು ವರ್ಷಗಟ್ಟಲೆ ಕಾದು ಇಟ್ಟುಹೋದದ್ದನ್ನು ಕೈಯಾರೆ ಮಗುಚಿಟ್ಟು, ಅವನಿಗೆ ಶಾಂತಿ ಕೊಡೆಂದು ಯಾವ ಬಾಯಲ್ಲಿ ಕೇಳುವುದು? ಒಂದಾದರೂ ಬದುಕಿದರೆ ಕೇಳುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡು, ದೇವರ ಜೊತೆ ಚೌಕಾಸಿಗೆ ಇಳಿದೆನಲ್ಲ ಎಂದು ನಾಚಿದರು. ನಾಚಿದರೂ ಆ ಮಾತು ಹಿಂದೆಗೆದುಕೊಳ್ಳಲಿಲ್ಲ.

ಕೊನೆಗೆ ಪೆಟ್ಟಿಗೆಯಲ್ಲಿ ಒಂದೇ ಮೊಟ್ಟೆ ಉಳಿಯಿತು. ಅದರ ಮೈಯೂ ಸೊರಗಿ ಒಂದು ಕಡೆ ಗುಳಿ ಬಿದ್ದಿತ್ತು. ಹಾಗೆ ಗುಳಿ ಬೀಳುವುದು ಕೊನೆಕೊನೆಗೆ ಸಹಜವಂತೆ, ಸತ್ತರೂ ಬೀಳುತ್ತದಂತೆ. ಕೋಳಿಮರಿಯಾದರೆ ಒಡೆಯುವ ಮುಂಚೆಯೇ ಓಡಿನೊಳಗಿಂದ ಚಿಂವ್ ಅನ್ನುತ್ತದೆ, ಕಿವಿ ಹಚ್ಚಿದರೆ ಕೇಳುತ್ತದೆ. ಇದರೊಳಗಿಂದ ಏನೂ ಇಲ್ಲ. ಹೀಗೆ ಒಂದು ಸದ್ದೂ ಇಲ್ಲದೆ ಒಂದು ಜೀವ ಅಷ್ಟು ದಿನ ಒಳಗಿರಬಲ್ಲದೇ ಎಂದು ಯೋಚಿಸುತ್ತ ಮೇಷ್ಟ್ರು ಕೂತಿರುತ್ತಿದ್ದರು. ಕೆಳಗಿನ ಕೋಣೆಯಲ್ಲಿ ತಾವು, ಮೇಲಿನ ಕೋಣೆಯಲ್ಲಿ ಅವನು, ನಡುವೆ ಒಂದು ಚಾವಣಿ, ಎಷ್ಟು ವರ್ಷ.

ಒಂದು ಮಧ್ಯಾಹ್ನ ನೀರು ಹಾಕಲು ಹತ್ತಿದಾಗ, ಪೆನ್ಸಿಲಿನ ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ಇದ್ದಂತೆ ಕಂಡಿತು. ಕನ್ನಡಕ ಒರೆಸಿ ನೋಡಿದರು. ಅದು ಬ್ಲೇಡಿನಲ್ಲಿ ಗೀರಿದಂಥ ಸೀಳು. ಅದರಿಂದ ಒದ್ದೆಯಾದ ಒಂದು ಸಣ್ಣ ಮೂತಿ ಹೊರಗೆ ಬಂದು, ಒಂದು ಗುಳ್ಳೆ ಊದಿ, ಉಸಿರು ತೆಗೆದುಕೊಂಡು, ಹಾಗೇ ನಿಂತಿತು. ಮೇಷ್ಟ್ರು ಸ್ಟೂಲಿನ ಅಂಚು ಹಿಡಿದು ಮೆಲ್ಲಗೆ ಕೂತರು.

‘ಇವಳೇ, ಬಾ ಇಲ್ಲಿ’ ಎಂದು ಕರೆದರು.

ಹೆಂಡತಿ ಸೆರಗಿನಲ್ಲಿ ಕೈ ಒರೆಸುತ್ತ ಬಂದಳು, ಬಗ್ಗಿದಳು. ‘ಮೂಗು ಮಾತ್ರ ನಿಮ್ಮ ಮನೆಯವರದೇ’ ಎಂದು ಹೇಳಿ, ಕಣ್ಣೊರೆಸಿಕೊಂಡು, ಡಾಕ್ಟರಮ್ಮನಿಗೆ ಫೋನು ಮಾಡಲು ಇಳಿದುಹೋದಳು. ಕೆಳಗಿನಿಂದ ಅವಳ ದನಿ ಕೇಳುತ್ತಿತ್ತು. ‘ಹೌದಮ್ಮ, ತಲೆ ಹೊರಗಿದೆ... ಕಂದು ತಲೆ... ಗೊತ್ತಿಲ್ಲಮ್ಮ, ಮೈ ಇನ್ನೂ ಒಳಗೇ ಇದೆ.’ ಆಮೇಲೆ ಮೆಟ್ಟಿಲ ಬುಡದಿಂದ ಕೂಗಿ ಹೇಳಿದಳು: ‘ತಲೆ ನೋಡಿ ಏನೂ ಹೇಳೋಕೆ ಆಗಲ್ವಂತೆ, ಮಚ್ಚೆ ಇದ್ರೂ ತಲೆ ಕಂದೇ ಅಂತೆ. ಪೂರ್ತಿ ಈಚೆ ಬರೋಕೆ ನಾಳೆ ಆಗುತ್ತಂತೆ. ಎಳೀಬೇಡಿ ಅಂದ್ಲು. ಮುಟ್ಟಲೇಬೇಡಿ ಅಂದ್ಲು, ಎರಡು ಸಲ ಹೇಳಿದ್ಲು.’

‘ಮುಟ್ಟಲ್ಲ ಅಂತ ಹೇಳು’ ಅಂದರು ಮೇಷ್ಟ್ರು.

ಕಿಟಕಿಯ ಬಿಸಿಲು ಡ್ರಾಯರುಗಳ ಮೇಲೆ ಬಿದ್ದಿತ್ತು. ಮರಿ ಕಣ್ಣು ಮುಚ್ಚದೆ ಅವರ ಕಡೆ ನೋಡುತ್ತಿತ್ತು, ಅಥವಾ ಬೆಳಕಿನ ಕಡೆ. ಆ ಮೊಟ್ಟೆಯೊಳಗೆ ಸುತ್ತಿಕೊಂಡ ಉಳಿದ ಮೈ ಬಿಳಿಯೋ ಕಂದೋ ಎಂದು ತಿಳಿಯುವ ಆತುರ ತನಗಿಲ್ಲ ಎಂಬುದು ಮೇಷ್ಟ್ರಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು. ಯಾವುದಾದರೂ ಬರಲಿ. ಇಡೀ ಆಯಸ್ಸು ಮರಿ ಕೂಗುವ ಮುಂಚೆ ತೀರ್ಮಾನ ಮಾಡುತ್ತಿದ್ದ ಕೈಗಳು ಈಗ ತೊಡೆಯ ಕೆಳಗಿನಿಂದ ಹೊರಗೆ ಬಂದು, ಏನನ್ನೂ ಹುಡುಕದೆ, ಒಂದಕ್ಕೊಂದು ಕೂಡಿದವು. ಕೇಳುವ ಬಾಯಿ ತಿರುಗಿ ಬಂದಿತ್ತು.

ದೇವರೇ, ನನ್ನ ತಮ್ಮನನ್ನು ನಿನ್ನ ಹತ್ತಿರ ಬೆಚ್ಚಗೆ ಇಟ್ಟುಕೋ. ಅವನು ಹೆಚ್ಚು ಮಾತಿನವನಲ್ಲ, ಕೇಳದಿದ್ದರೂ ಕೊಡು. ನಾನು ತಿಳಿಯದೆ ಮಗುಚಿದ್ದನ್ನು ನೀನು ನೆಟ್ಟಗೆ ಮಾಡು. ನಿನ್ನಲ್ಲಿ ಎರಡು ಬುಟ್ಟಿ ಇರುವುದಿಲ್ಲ ಎಂದು ನಂಬಿದ್ದೇನೆ. ಅಲ್ಲಿ ಅವನ ಕೈಗಳು ಜೇಬಿನಿಂದ ಹೊರಗಿರಲಿ, ಬಿಸಿಲಿನಲ್ಲಿರಲಿ, ಅವನ್ನು ಯಾರಾದರೂ ಹಿಡಿದುಕೊಂಡಿರಲಿ. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ. ಶಾಂತಿ ಕೊಡು.